ಡಿಸೈನ್ ಬಿಡಬೇಡಿ, ಜೊತೆಗೇ ಕರೆದುಕೊಂಡು ಬನ್ನಿ

ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನರ್ ಆಗಿದ್ದೀರಿ, ವೆಬ್ ಪ್ರಾಜೆಕ್ಟ್ ಮ್ಯಾನೇಜರ್ ಆಗಲು ಡಿಸೈನ್ ಬಿಡಬೇಕಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ಅನುಭವವೇ ನಿಮ್ಮ ಬಂಡವಾಳ.

ಒಂದು ಉದಾಹರಣೆ ನೋಡಿ. ಗ್ರಾಹಕರು ಕನ್ನಡ ಬರಹವನ್ನು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ರೂಪ ಕೊಡುವ) ಫಾಂಟ್‌ನಲ್ಲಿ ಕಳಿಸುತ್ತಾರೆ. ಹಾಗೇ ವೆಬ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಬೇಕು, ಆಮೇಲೆ ಒತ್ತಕ್ಷರಗಳನ್ನು ಕೂತು ಓದಿ ನೋಡಬೇಕು. 'ರಾಷ್ಟ್ರ'ದಂಥ ಪದದಲ್ಲಿ ಒತ್ತು ಕೆಳಗಿಳಿಯುತ್ತದೆ, ಹಾಗಾಗಿ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. ಇದಕ್ಕೆಲ್ಲ ಎಷ್ಟು ದಿನ ಹಿಡಿಯುತ್ತದೆ ಅಂತ ಈ ಕೆಲಸ ಮಾಡಿದವರೇ ಸರಿಯಾಗಿ ಅಂದಾಜು ಮಾಡಬಲ್ಲರು, ಅಲ್ವಾ? ಮ್ಯಾನೇಜರ್‌ಗೆ ಬೇಕಾದದ್ದು ಆ ಅಂದಾಜೇ.

ಮೊದಲು ವೆಬ್ ಪುಟಗಳನ್ನು ಡಿಸೈನ್ ಮಾಡುವ ಫಿಗ್ಮಾ ಸಾಫ್ಟ್‌ವೇರ್ ಕಲಿಯಿರಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು ಎನ್ನುವಂಥ ವೆಬ್ ನಿಯಮಗಳನ್ನು ತಿಳಿದುಕೊಳ್ಳಿ. ಆಮೇಲೆ ಪರಿಚಯದವರ ಸಣ್ಣ ಸೈಟ್ ಒಂದನ್ನು ಶುರುವಿನಿಂದ ಕೊನೆವರೆಗೆ ನೀವೇ ನಡೆಸಿ. ಬರಹ, ಫೋಟೊ ಯಾರು ಯಾವಾಗ ಕೊಡುತ್ತಾರೆ, ತಿದ್ದುಪಡಿ ಎಷ್ಟು ಸುತ್ತು ಎಂಬುದನ್ನು ಬರೆದೇ ಒಪ್ಪಿಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಕೆಲಸ ಮುಗಿಯುವುದೇ ಇಲ್ಲ.

ಸರ್ಟಿಫಿಕೇಟ್ ಬೇಕೇಬೇಕು ಅನ್ನಿಸಿದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸಂಸ್ಥೆಯಾದ ಪಿಎಂಐ ಹೊಸಬರಿಗಾಗಿ ನಡೆಸುವ ಸಿಎಪಿಎಂ ಪರೀಕ್ಷೆ ಇದೆ. ಅದಕ್ಕೆ 23 ಗಂಟೆಗಳ ತರಬೇತಿ ಕೇಳುತ್ತಾರೆ, ಕೆಲಸದ ಅನುಭವ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಆ ಸೈಟ್ ಮುಗಿಸಿ.