ನಾಲ್ಕೋ, ಒಂಬತ್ತೋ? ಮೈಕ್ರೋಆಂಪಿಯರ್ ಅಳತೆಯ ನಿಖರತೆ

ಪ್ರಶ್ನೆ: ಮಣ್ಣಿನ ತೇವಾಂಶವನ್ನು ಅಳೆದು ಬ್ಲೂಟೂತ್ ಮೂಲಕ ಕಳುಹಿಸುವ ಪುಟ್ಟ ಉಪಕರಣವೊಂದನ್ನು ಸಿಆರ್2032 ಸೆಲ್ (ನಾಣ್ಯದಾಕಾರದ ಬ್ಯಾಟರಿ) ಬಳಸಿ ರೂಪಿಸುತ್ತಿದ್ದೇನೆ. ಸ್ಲೀಪ್ ಸ್ಥಿತಿಯಲ್ಲಿ, ಅಂದರೆ ಕೆಲಸವಿಲ್ಲದೆ ನಿದ್ರಿಸುವಾಗ, ಅದು ಎಳೆಯುವ ಕರೆಂಟನ್ನು ನನ್ನ ಮಲ್ಟಿಮೀಟರ್ 4 ಮೈಕ್ರೋಆಂಪಿಯರ್ ಎಂದು ತೋರಿಸುತ್ತದೆ. ಸ್ನೇಹಿತರ ಕರೆಂಟ್ ಪ್ರೊಫೈಲರ್‌ಗೆ (ಕರೆಂಟಿನ ಏರಿಳಿತವನ್ನು ಸತತವಾಗಿ ದಾಖಲಿಸುವ ಸಾಧನ), ಪ್ರೋಗ್ರಾಮಿಂಗ್ ಕೇಬಲ್ ತೆಗೆಯದೆ, ಜೋಡಿಸಿದಾಗ 9 ಬಂತು. ಯಾವುದು ಸರಿ? ಮಲ್ಟಿಮೀಟರ್ ಜೋಡಿಸಿದ್ದಾಗ ಉಪಕರಣವು ಎಚ್ಚರಗೊಳ್ಳುತ್ತಲೇ ರೀಸೆಟ್ ಆಗುವುದೇಕೆ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಈ ವ್ಯತ್ಯಾಸ ಸಣ್ಣದಲ್ಲ. ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ, 4ರ ಲೆಕ್ಕದಲ್ಲಿ ಅದು ಆರು ವರ್ಷಕ್ಕೂ ಮೇಲೆ ಬಾಳಬೇಕು. 9ರ ಲೆಕ್ಕದಲ್ಲಿ ಮೂರು ವರ್ಷವೂ ತುಂಬುವುದಿಲ್ಲ.

ನನ್ನ ಮೊದಲ ಅನುಮಾನ ಪ್ರೋಗ್ರಾಮಿಂಗ್ ಕೇಬಲ್ ಮೇಲೆ. ಅದರ ತಂತಿಗಳ ಮೂಲಕ ಕರೆಂಟ್ ಬೋರ್ಡಿನಿಂದ ಹೊರಕ್ಕೂ ಹರಿಯಬಹುದು, ಒಳಕ್ಕೂ ಬರಬಹುದು. ಆ ಕೇಬಲ್ ಮೂಲಕ ಡೀಬಗ್ (ದೋಷ ಹುಡುಕುವ) ಸಂಪರ್ಕವಿರುವಾಗ ಹಲವು ಮೈಕ್ರೋಕಂಟ್ರೋಲರ್‌ಗಳು ಪೂರ್ಣ ಸ್ಲೀಪ್‌ಗೆ ಹೋಗುವುದೇ ಇಲ್ಲ. 3 ವೋಲ್ಟ್‌ನಲ್ಲಿ 5 ಮೈಕ್ರೋಆಂಪಿಯರ್ ಹೆಚ್ಚುವರಿಯಾಗಿ ಹರಿಯಲು 600 ಕಿಲೋಓಮ್‌ನ ಒಂದು ಸೋರಿಕೆಯ ದಾರಿ ಸಾಕು, ಮತ್ತು ಬೆಸುಗೆಯ ನಂತರ ತೊಳೆಯದೆ ಉಳಿದ ಫ್ಲಕ್ಸ್ (ಬೆಸುಗೆಗೆ ನೆರವಾಗುವ ರಾಸಾಯನಿಕ) ಮಳೆಗಾಲದಲ್ಲಿ ತೇವ ಹೀರಿದರೂ ಅಂಥ ದಾರಿ ಉಂಟಾಗಬಹುದು. ಕೇಬಲ್ ಕಿತ್ತು, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ, ಪ್ರೊಫೈಲರ್ ಕೊಡುವ ವೋಲ್ಟೇಜನ್ನು ಸೆಲ್‌ನ ವೋಲ್ಟೇಜಿಗೆ ಸರಿಹೊಂದಿಸಿ ಮತ್ತೊಮ್ಮೆ ಅಳೆಯಿರಿ.

ಇನ್ನು ಮಲ್ಟಿಮೀಟರ್. ಅದರ ಕೈಪಿಡಿಯಲ್ಲಿ ನಿಖರತೆಯನ್ನು ಶೇಕಡಾ 0.5 ಮತ್ತು 5 ಕೌಂಟ್ (ಒಂದು ಕೌಂಟ್ ಎಂದರೆ ಕೊನೆಯ ಅಂಕೆಯಲ್ಲಿ ಒಂದು) ಎಂದು ಕೊಟ್ಟಿದ್ದು, ಕೊನೆಯ ಅಂಕೆ 0.1 ಮೈಕ್ರೋಆಂಪಿಯರ್ ಆಗಿದ್ದರೆ, ಆ 5 ಕೌಂಟ್‌ಗಳೇ 0.5 ಮೈಕ್ರೋಆಂಪಿಯರ್ ಆಗುತ್ತವೆ. ಅಂದರೆ ನೀವು ಓದಿದ 4ರಲ್ಲಿ ಶೇಕಡಾ 12ಕ್ಕೂ ಮೇಲ್ಪಟ್ಟ ಅನಿಶ್ಚಿತತೆ ಇದೆ, ಶೇಕಡಾ 0.5 ಅಲ್ಲ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲ ಸಂಖ್ಯೆ ಮಾತ್ರ. ಸಣ್ಣ ಕರೆಂಟಿನ ಅಳತೆಯಲ್ಲಿ ನಿರ್ಣಾಯಕವಾಗುವುದು ಎರಡನೆಯದು.

ರೀಸೆಟ್‌ಗೆ ಕಾರಣ ಮೀಟರ್ ತನ್ನಲ್ಲೇ ಕಳೆಯುವ ವೋಲ್ಟೇಜ್, ಅಂದರೆ ಬರ್ಡನ್ ವೋಲ್ಟೇಜ್. ಅನೇಕ ಮಲ್ಟಿಮೀಟರ್‌ಗಳ ಮೈಕ್ರೋಆಂಪಿಯರ್ ರೇಂಜ್‌ನಲ್ಲಿ ಸುಮಾರು 100 ಓಮ್ ಪ್ರತಿರೋಧವಿರುತ್ತದೆ. 4 ಮೈಕ್ರೋಆಂಪಿಯರ್ ಹರಿಯುವಾಗ ಅಲ್ಲಿ ಕಳೆಯುವುದು 0.4 ಮಿಲಿವೋಲ್ಟ್ ಅಷ್ಟೆ. ರೇಡಿಯೋ ಎಚ್ಚೆತ್ತು 15 ಮಿಲಿಆಂಪಿಯರ್ ಕೇಳಿದೊಡನೆ ಅದೇ ಮೀಟರ್ 1.5 ವೋಲ್ಟ್ ನುಂಗುತ್ತದೆ, 3 ವೋಲ್ಟ್‌ನ ಸೆಲ್‌ನಿಂದ ಚಿಪ್‌ಗೆ ಅರ್ಧ ಮಾತ್ರ ತಲುಪುತ್ತದೆ. ಮಿಲಿಆಂಪಿಯರ್ ರೇಂಜ್‌ಗೆ ತಿರುಗಿಸಿದರೆ ರೀಸೆಟ್ ನಿಲ್ಲುತ್ತದೆ, ಆದರೆ ಸ್ಲೀಪ್ ಕರೆಂಟ್ ಸೊನ್ನೆಯಾಗಿ ಕಾಣುತ್ತದೆ. ಈ ಕೆಲಸಕ್ಕೆ, ಶಂಟ್‌ಗಳನ್ನು (ಕರೆಂಟ್ ಅಳೆಯಲು ಬಳಸುವ ಒಳಗಿನ ಪ್ರತಿರೋಧಗಳನ್ನು) ತಾನೇ ಬದಲಿಸಿಕೊಳ್ಳುವ ಪ್ರೊಫೈಲರೇ ಸರಿ. ಉದಾಹರಣೆಗೆ ನಾರ್ಡಿಕ್ ಸಂಸ್ಥೆಯ ಪವರ್ ಪ್ರೊಫೈಲರ್ ಕಿಟ್ 2, 200 ನ್ಯಾನೋಆಂಪಿಯರ್‌ನಿಂದ 1 ಆಂಪಿಯರ್‌ವರೆಗೆ, ಸೆಕೆಂಡಿಗೆ 1 ಲಕ್ಷ ಬಾರಿ ಅಳೆಯುತ್ತದೆ. ಎಚ್ಚರದ ಅವಧಿಯನ್ನು ಲೆಕ್ಕ ಹಾಕಲು ಈ ವೇಗ ಬೇಕೇ ಬೇಕು: ಹತ್ತು ನಿಮಿಷಕ್ಕೊಮ್ಮೆ 40 ಮಿಲಿಸೆಕೆಂಡ್ ಕಾಲ 15 ಮಿಲಿಆಂಪಿಯರ್ ಹರಿದರೆ, ಸರಾಸರಿಗೆ 1 ಮೈಕ್ರೋಆಂಪಿಯರ್ ಕೂಡುತ್ತದೆ.

ಆದರೆ ಅಳತೆಯ ಯಾವ ಉಪಕರಣವನ್ನೇ ಆಗಲಿ ಬಳಸುವ ಮೊದಲು ಪರೀಕ್ಷಿಸಬೇಕು ಎಂದು ಒತ್ತಿ ಹೇಳುತ್ತೇನೆ. ಮೊದಲು ಏನನ್ನೂ ಜೋಡಿಸದೆ ಸೊನ್ನೆ ಬರುತ್ತದೆಯೇ ನೋಡಿ, ಬಾರದಿದ್ದರೆ ಆ ಸಂಖ್ಯೆಯನ್ನು ಬರೆದಿಟ್ಟು ಮುಂದಿನ ಅಳತೆಗಳಿಂದ ಕಳೆಯಿರಿ. ಬಳಿಕ ಬೋರ್ಡಿನ ಬದಲು 1 ಮೆಗಾಓಮ್‌ನ ಮೆಟಲ್ ಫಿಲ್ಮ್ ರೆಸಿಸ್ಟರ್ ಒಂದನ್ನು ಜೋಡಿಸಿ. ಶೇಕಡಾ 1 ಟಾಲರೆನ್ಸ್‌ನದು (ನಮೂದಿಸಿದ ಬೆಲೆಯಿಂದ ಶೇಕಡಾ 1ರಷ್ಟು ಮಾತ್ರ ಆಚೀಚೆ ಇರಬಹುದಾದದ್ದು) ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಶೇಕಡಾ 0.1ರದು ಸಿಕ್ಕರೆ ಇನ್ನೂ ಒಳ್ಳೆಯದು. 3 ವೋಲ್ಟ್‌ಗೆ 3 ಮೈಕ್ರೋಆಂಪಿಯರ್ ಬರಬೇಕು. ವೋಲ್ಟೇಜ್ ನೋಡಲೆಂದು ಇನ್ನೊಂದು ಮೀಟರನ್ನು ರೆಸಿಸ್ಟರ್ ಮೇಲೆಯೇ ಜೋಡಿಸಿಟ್ಟಿರಬೇಡಿ. ಅದರ 10 ಮೆಗಾಓಮ್ ಇನ್‌ಪುಟ್ 0.3 ಮೈಕ್ರೋಆಂಪಿಯರ್ ಎಳೆದು, ಅಳತೆಯನ್ನು ಶೇಕಡಾ 10ರಷ್ಟು ಕೆಡಿಸುತ್ತದೆ. 330 ಕಿಲೋಓಮ್‌ನಿಂದಲೂ (ಸುಮಾರು 9 ಮೈಕ್ರೋಆಂಪಿಯರ್ ಬರಬೇಕು) ಇದನ್ನೇ ಮಾಡಿದರೆ, ನಿಮ್ಮ 4 ಮತ್ತು 9 ಎರಡನ್ನೂ ತೂಗಿ ನೋಡಲು ಬೇಕಾದ ಎರಡು ಬಿಂದುಗಳು ಸಿಗುತ್ತವೆ.

ಗ್ರಾಹಕರಿಗೆ ದಾಖಲೆ ಕೊಡಬೇಕಾದರೆ ಪೀಣ್ಯದ ಇಟಿಡಿಸಿಯಲ್ಲಿ (ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮತ್ತು ಅಭಿವೃದ್ಧಿ ಕೇಂದ್ರ) ಅಥವಾ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಬೇರೆ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಶನ್, ಅಂದರೆ ಮಾನಕದೊಂದಿಗೆ ಅಳತೆಯನ್ನು ತಾಳೆ ನೋಡುವುದರ ಬಗ್ಗೆ ವಿಚಾರಿಸಿ. ಅಳತೆಯ ಉಪಕರಣವನ್ನು ಒಪ್ಪಿಸುವಾಗಲೇ, 5 ಮತ್ತು 10 ಮೈಕ್ರೋಆಂಪಿಯರ್‌ನಲ್ಲಿಯೂ ಅಳತೆ ಬೇಕೆಂದು ಬರೆದು ಕೊಡಿ. ಪ್ರಮಾಣಪತ್ರದಲ್ಲಿ ದೊಡ್ಡ ಕರೆಂಟ್‌ಗಳ ಬಿಂದುಗಳಷ್ಟೇ ಇದ್ದರೆ ಅದು ನಿಮ್ಮ ಈ ಕೆಲಸಕ್ಕೆ ಒದಗುವುದಿಲ್ಲ.