ಬೇಸಿಗೆಯಲ್ಲಿ ಕೆರೆಯ ಮೀನು ಸಾಯುವುದೇಕೆ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕು. ಕೃಷ್ಣಾ ನೀರು ತುಂಬಿಸುವ ನಮ್ಮೂರ ಕೆರೆಯಲ್ಲಿ ಮೀನು ಸಾಕುತ್ತೇವೆ. ಏಪ್ರಿಲ್‌–ಮೇ ಬಂತೆಂದರೆ ನಸುಕಿನಲ್ಲಿ ಮೀನು ಸತ್ತು ತೇಲುತ್ತವೆ. ಕಾಟ್ಲಾ ಬೆಳೆಯುತ್ತಿಲ್ಲ, ಜಿಲೇಬಿ ಮೀನೇ ಹೆಚ್ಚಾಗಿದೆ. ಇದಕ್ಕೆ ಬಿಸಿಲು ಕಾರಣವೋ, ದ್ರಾಕ್ಷಿ ತೋಟದ ಔಷಧ ಕಾರಣವೋ?

ಉತ್ತರ: ಎರಡೂ ಇರಬಹುದು, ಜೊತೆಗೆ ಹೊಲದ ಗೊಬ್ಬರ ಮತ್ತು ನೀರಿನ ಇಳಿತವನ್ನೂ ಸೇರಿಸಿಕೊಳ್ಳಬೇಕು. ಇವು ಕೆರೆಯಲ್ಲಿ ಬಿಡಿಬಿಡಿಯಾಗಿ ಕೆಲಸ ಮಾಡುವುದಿಲ್ಲ, ಒಂದರ ಪೆಟ್ಟನ್ನು ಇನ್ನೊಂದು ಹೆಚ್ಚಿಸುತ್ತದೆ.

ಕಾಟ್ಲಾ ಮೇಲ್ಪದರದಲ್ಲಿ ಮುಖ್ಯವಾಗಿ ಪ್ರಾಣಿಪ್ಲವಕವನ್ನು, ಅಂದರೆ ನೀರುಚಿಗಟದಂಥ ಸೂಕ್ಷ್ಮ ಜೀವಿಗಳನ್ನು, ಕಿವಿರುಗಳಲ್ಲಿ ಸೋಸಿ ತಿನ್ನುತ್ತದೆ. ಆ ಜೀವಿಗಳು ಪಾಚಿಯನ್ನು ಮೇಯುತ್ತವೆ. ತೋಟದಿಂದ ಹರಿದು ಬಂದ ಕೀಟನಾಶಕ ಮೀನನ್ನು ಕೊಲ್ಲದಷ್ಟು ಕಡಿಮೆಯಿದ್ದರೂ ನೀರುಚಿಗಟವನ್ನು ಕೊಲ್ಲಬಲ್ಲದು. ಆಗ ಕಾಟ್ಲಾದ ಆಹಾರ ಕಡಿಮೆಯಾಗುತ್ತದೆ, ಮೇಯುವವರಿಲ್ಲದ ಪಾಚಿಯು ಗೊಬ್ಬರದ ರಂಜಕವನ್ನು ಹೀರಿ ಹಬ್ಬುತ್ತದೆ. ನೀರು ಬಿಸಿಯಾದಷ್ಟೂ ನೀಲಿ-ಹಸಿರು ಪಾಚಿ ಮೇಲುಗೈ ಸಾಧಿಸುತ್ತದೆ, ಅದು ಉಳಿದ ಜೀವಿಗಳಿಗೂ ಒಳ್ಳೆಯ ಮೇವಲ್ಲ. ಜಿಲೇಬಿಯಾದರೋ ಪಾಚಿ, ಕೊಳೆತ ಪದಾರ್ಥ ಎಲ್ಲವನ್ನೂ ತಿಂದು, ಕಡಿಮೆ ಆಮ್ಲಜನಕವನ್ನೂ ತಡೆದುಕೊಂಡು, ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ. ಹೀಗೆ ಹಲವು ಎಳೆಗಳ ಆಹಾರ ಜಾಲ ಒಂದೆರಡು ಎಳೆಗೆ ಇಳಿಯುತ್ತದೆ.

ನಸುಕಿನ ಸಾವಿಗೂ ಇದೇ ಹಿನ್ನೆಲೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ, ಇಳಿದ ನೀರಿನಲ್ಲಿ ಬೆಳಗಿನ ಜಾವಕ್ಕೆ ಅದೂ ಬರಿದಾಗುತ್ತದೆ.

ಮೀನು ಸತ್ತ ಬೆಳಿಗ್ಗೆ ಗಾಜಿನ ಲೋಟದಲ್ಲಿ ಕೆರೆಯ ನೀರನ್ನು ತುಂಬಿ ಬೆಳಕಿಗೆ ಹಿಡಿಯಿರಿ. ದೊಡ್ಡ ಮೀನುಗಳೇ ಮೊದಲು ಸತ್ತು, ಲೋಟದಲ್ಲಿ ಬಿಳಿ ಚುಕ್ಕೆಗಳಂಥ ಜೀವಿಗಳು ಇನ್ನೂ ಕುಪ್ಪಳಿಸುತ್ತಿದ್ದರೆ ಆಮ್ಲಜನಕದ ಕೊರತೆಯೆಂದು ತಿಳಿಯಬಹುದು. ಹಿಂದಿನ ವಾರ ಕಂಡಿದ್ದ ಅವು ಒಮ್ಮೆಲೇ ಮಾಯವಾಗಿದ್ದರೆ ಔಷಧದ ಮೇಲೆ ಸಂಶಯ ಪಡಬೇಕು.

ಬಿಸಿಲನ್ನು ನಾವು ತಡೆಯಲಾರೆವು, ಆದರೆ ಅದರ ಪೆಟ್ಟನ್ನು ಹೆಚ್ಚಿಸುವ ಉಳಿದವುಗಳನ್ನು ತಡೆಯಬಲ್ಲೆವು. ನನ್ನ ದೃಷ್ಟಿಯಲ್ಲಿ ಮೊದಲು ಹಿಡಿಯಬೇಕಾದದ್ದು ರಂಜಕ. ಕೆರೆಗೆ ನೀರು ಬರುವ ಹಳ್ಳದ ಬದಿಯಲ್ಲಿ ಹುಲ್ಲಿನ ಪಟ್ಟಿ ಬೆಳೆಸಿ, ಹಸಿರುಗಟ್ಟಿದ ಕೆರೆಗೆ ಸಗಣಿ ಗೊಬ್ಬರ ಸುರಿಯುವುದನ್ನು ನಿಲ್ಲಿಸಿ. ಮಾರ್ಚ್ ಒಳಗೆ ದೊಡ್ಡ ಮೀನುಗಳನ್ನು ಹಿಡಿದು ಮಾರಿ, ಬೇಸಿಗೆಗೆ ಒಂದಿಷ್ಟು ಆಳದ ನೀರು ಉಳಿಯುವಂತೆ ರೈತರೊಂದಿಗೆ ಈಗಲೇ ಮಾತನಾಡಿಕೊಳ್ಳಿ.