‘ಆಟಿಸ್ಟಿಕ್’ ಎಂದರೆ ತಪ್ಪೇ? ‘ಆಟಿಸಂ ಇದೆ’ ಎಂದರೆ ಸರಿಯೇ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಐದು ವರ್ಷ. ಮಾತು ತಡವಾಯಿತೆಂದು ವೈದ್ಯರಿಗೆ ತೋರಿಸಿದಾಗ ವರದಿಯಲ್ಲಿ ‘ಆಟಿಸ್ಟಿಕ್ ಫೀಚರ್ಸ್’ ಎಂದು ಬರೆದುಕೊಟ್ಟರು. ಪತ್ರಿಕೆಗಳಲ್ಲಿ ‘ಸ್ವಲೀನತೆಯಿಂದ ಬಳಲುವ ಮಕ್ಕಳು’ ಎಂದು ಓದುತ್ತೇನೆ. ಅಂತರ್ಜಾಲದಲ್ಲಿ ಕೆಲವರು ತಮ್ಮನ್ನು ತಾವೇ ಆಟಿಸ್ಟಿಕ್ ಎಂದು ಕರೆದುಕೊಳ್ಳುತ್ತಾರೆ. ಶಾಲೆಯ ಹುಡುಗರು ಅದನ್ನೇ ಬೈಗುಳ ಮಾಡಿಕೊಂಡಿದ್ದಾರೆ. ಈ ಪದದ ಅರ್ಥವೇನು? ಮಗುವಿನ ಬಗ್ಗೆ ನಾವು ಹೇಗೆ ಮಾತನಾಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ವರದಿಯಲ್ಲಿರುವ ಮಾತನ್ನು ನೋಡೋಣ. ‘ಆಟಿಸಂ’ ಎಂಬುದು ನಾಮಪದ, ‘ಆಟಿಸ್ಟಿಕ್’ ಎಂಬುದು ಅದರಿಂದಾದ ವಿಶೇಷಣ. ‘ಆಟಿಸ್ಟಿಕ್ ಫೀಚರ್ಸ್’ ಎಂದು ಬರೆದಿದ್ದರೆ ಆಟಿಸಂನಲ್ಲಿ ಕಾಣುವ ಕೆಲವು ಲಕ್ಷಣಗಳು ಮಗುವಿನಲ್ಲಿ ಕಂಡಿವೆ ಎಂದಷ್ಟೇ ಅರ್ಥ. ಆಟಿಸಂ ಇದೆಯೆಂದು ನಿರ್ಧರಿಸಿದಂತಾಗುವುದಿಲ್ಲ. ಪೂರ್ಣ ತಪಾಸಣೆ ಆಗಿಲ್ಲದಿದ್ದರೆ ದಯವಿಟ್ಟು ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಅದಕ್ಕೆ ವ್ಯವಸ್ಥೆಯಿದೆ. ಮಾತಿನ ತರಬೇತಿಯನ್ನು ಆರಂಭಿಸಲು ಅಂತಿಮ ವರದಿಗಾಗಿ ಕಾಯಬೇಕಿಲ್ಲ.

ಪದದ ಮೂಲ ಗ್ರೀಕ್ ಭಾಷೆಯ ‘ಆಟೋಸ್’, ಅಂದರೆ ‘ತಾನು’. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯುಜೀನ್ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರು ಹೊರಜಗತ್ತಿನಿಂದ ಸರಿದು ತಮ್ಮೊಳಗೇ ಉಳಿದುಬಿಡುವುದನ್ನು ವರ್ಣಿಸಲು ಈ ಪದವನ್ನು ಬಳಸಿದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆಯುವಾಗ, 1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತಾವು ಕಂಡ ಹುಡುಗರ ಬಗ್ಗೆ ಬರೆಯುವಾಗ, ಅದೇ ಪದವನ್ನು ಬೇರೊಂದು ಸ್ಥಿತಿಗೆ ಅನ್ವಯಿಸಿದರು. ಪದ ಉಳಿಯಿತು, ಅರ್ಥ ಬದಲಾಯಿತು. ಇಂದು ಅದು ಹುಟ್ಟಿನಿಂದಲೇ ಮಿದುಳು ಬೇರೆ ರೀತಿಯಲ್ಲಿ ಬೆಳೆಯುವುದನ್ನು ಸೂಚಿಸುತ್ತದೆ. ಇತರರೊಡನೆ ಸಂವಹನ ನಡೆಸುವ ಬಗೆ ಭಿನ್ನವಾಗಿರುತ್ತದೆ. ಒಂದೇ ಕ್ರಮ, ಒಂದೇ ಆಸಕ್ತಿ, ಒಂದೇ ಚಲನೆಯತ್ತ ಸೆಳೆತವಿರುತ್ತದೆ. ಸದ್ದು, ಬೆಳಕು, ಸ್ಪರ್ಶಗಳು ವಿಪರೀತವಾಗಿ ತಟ್ಟಬಹುದು ಅಥವಾ ತಟ್ಟದೆಯೂ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲಿ ಆಸ್ಪರ್ಗರ್ ಮುಂತಾದ ಬೇರೆ ಬೇರೆ ಹೆಸರುಗಳನ್ನೆಲ್ಲ ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರಿನಡಿ ತಂದಿತು. ದಿನವಿಡೀ ನೆರವು ಬೇಕಾದ ಮಗುವಿಗೂ ಸ್ವತಂತ್ರವಾಗಿ ಉದ್ಯೋಗ ಮಾಡುವ ಇಂಜಿನಿಯರಿಗೂ ಒಂದೇ ಪದ ಸಲ್ಲುವುದು ಇದರಿಂದಲೇ. ಆದಕಾರಣ ಪದವೊಂದನ್ನೇ ಕೇಳಿ ನಿಮ್ಮ ಮಗುವಿನ ಭವಿಷ್ಯವನ್ನು ಯಾರೂ ಹೇಳಲಾರರು.

ಕನ್ನಡದ ‘ಸ್ವಲೀನತೆ’ ಆ ಗ್ರೀಕ್ ಮೂಲಕ್ಕೆ ನಿಷ್ಠವಾದ ಪದ, ಸರ್ಕಾರಿ ಬಳಕೆಯಲ್ಲಿಯೂ ಇದೆ. ಆದರೂ ನನಗೆ ಅದರ ಬಗ್ಗೆ ಒಂದು ಅಳುಕಿದೆ. ‘ತನ್ನಲ್ಲೇ ಲೀನವಾದ ಮಗು’ ಎಂದು ಕೇಳಿದವರು, ಮಗುವಿಗೆ ನಮ್ಮ ಹಂಗೇ ಇಲ್ಲ ಎಂದುಕೊಂಡುಬಿಡುತ್ತಾರೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಬಾಯಾರಿದಾಗಲೆಲ್ಲ ಅಜ್ಜಿಯ ಮಣಿಕಟ್ಟು ಹಿಡಿದು, ಬಾಟಲಿಯತ್ತ ಎಳೆದು, ‘ನೀರು ಬೇಕಾ?’ ಎನ್ನುತ್ತಿದ್ದ. ಅವನು ತಮ್ಮನ್ನು ಉಪಚರಿಸುತ್ತಿದ್ದಾನೆಂದು ಭಾವಿಸಿ ಅವರು ‘ನಂಗೆ ಬೇಡ ಕಂದಾ’ ಎನ್ನುವರು. ಅವನು ನೆಲಕ್ಕೆ ಬಿದ್ದು ಅಳುವನು. ನೀರು ಸಿಗುವ ಮುನ್ನ ಪ್ರತಿಸಲವೂ ಅವನ ಕಿವಿಗೆ ಬೀಳುತ್ತಿದ್ದ ಮಾತು ‘ನೀರು ಬೇಕಾ?’ ಎಂಬುದೇ. ಆದ್ದರಿಂದ ನೀರು ಬೇಕಾದಾಗ ಅದನ್ನೇ ಇಡಿಯಾಗಿ ಆಡುತ್ತಿದ್ದ. ಕೇಳಿದ ಮಾತನ್ನು ಹೀಗೆ ಹಾಗೆಯೇ ಮರಳಿಸುವುದನ್ನು ಕ್ಯಾನರ್ ಅಂದೇ ಗುರುತಿಸಿದ್ದರು. ಹುಡುಗ ತನ್ನೊಳಗೆ ಲೀನನಾಗಿರಲಿಲ್ಲ, ಅಜ್ಜಿಯೊಡನೆ ಮಾತನಾಡುತ್ತಿದ್ದ. ಈ ಕಾರಣಕ್ಕೆ ನಾನು ಮನೆಯವರೊಡನೆ ಮಾತನಾಡುವಾಗ ‘ಆಟಿಸಂ’ ಎಂದೇ ಹೇಳುತ್ತೇನೆ.

ಇನ್ನು ‘ಆಟಿಸ್ಟಿಕ್ ವ್ಯಕ್ತಿ’ಯೋ ‘ಆಟಿಸಂ ಇರುವ ವ್ಯಕ್ತಿ’ಯೋ ಎಂಬ ಚರ್ಚೆ. ಇಂಗ್ಲಿಷಿನ ‘ಆಟಿಸ್ಟಿಕ್ ಪರ್ಸನ್’ ಎಂಬುದರಲ್ಲಿ ಸ್ಥಿತಿಯ ಹೆಸರು ಮುಂದೆ ಬರುತ್ತದೆ, ‘ಪರ್ಸನ್ ವಿತ್ ಆಟಿಸಂ’ ಎಂಬುದರಲ್ಲಿ ವ್ಯಕ್ತಿ. ವ್ಯಕ್ತಿಯನ್ನೇ ಮುಂದಿಡಬೇಕೆಂದು ವೃತ್ತಿಪರರೂ ಅನೇಕ ತಂದೆತಾಯಿಯರೂ ಹೇಳುತ್ತಿದ್ದಾಗ, 1990ರ ದಶಕದಲ್ಲಿ ಅಮೆರಿಕದ ಜಿಮ್ ಸಿಂಕ್ಲೇರ್ ಮೊದಲಾದ ಆಟಿಸ್ಟಿಕ್ ಹೋರಾಟಗಾರರು ಅದನ್ನು ಒಪ್ಪಲಿಲ್ಲ. ಆಟಿಸಂ ಎಂಬುದು ಕಳಚಿಡಬಲ್ಲ ಚೀಲವಲ್ಲ, ತಾವು ಇರುವ ಬಗೆಯೇ ಅದು ಎಂಬುದು ಅವರ ವಾದ. ನೀವು ಅಂತರ್ಜಾಲದಲ್ಲಿ ಕಂಡವರು ಪದವನ್ನು ಆ ಅರ್ಥದಲ್ಲಿ, ಹೆಮ್ಮೆಯಿಂದಲೇ ಬಳಸುತ್ತಿದ್ದಾರೆ.

ಕನ್ನಡದಲ್ಲಾದರೋ ವಿಶೇಷಣವಾಗಲಿ ‘ಇರುವ’ ಎಂಬ ಕೃದಂತವಾಗಲಿ ನಾಮಪದಕ್ಕಿಂತ ಮೊದಲೇ ಬರುವುದರಿಂದ ಪದಗಳ ಸರದಿಯ ಜಗಳ ಇಲ್ಲಿ ಹುಟ್ಟುವುದೇ ಇಲ್ಲ. ನಾವು ಎಚ್ಚರ ವಹಿಸಬೇಕಾದದ್ದು ಕ್ರಿಯಾಪದದ ಬಗ್ಗೆ. ‘ಬಳಲುತ್ತಿರುವ’, ‘ಪೀಡಿತ’, ‘ತುತ್ತಾದ’ ಎಂಬ ಮಾತುಗಳು ಪತ್ರಿಕೆಗಳ ಲೇಖನಿಗೆ ಎಷ್ಟು ಅಭ್ಯಾಸವಾಗಿವೆಯೆಂದರೆ, ನೆಮ್ಮದಿಯಾಗಿ ಆಡುತ್ತಿರುವ ಮಗುವಿನ ಚಿತ್ರದ ಕೆಳಗೂ ‘ಬಳಲುತ್ತಿರುವ’ ಎಂದೇ ಅಚ್ಚಾಗುತ್ತದೆ. ‘ಆಟಿಸಂ ಬಂದಿದೆ’ ಎಂದರೆ ಜ್ವರದಂತೆ ಬಂದು ಹೋಗುವುದೆಂಬ ಭಾವನೆ ಬರುತ್ತದೆ. ಎಲ್ಲಿಂದ ಬಂತು, ಯಾರಿಂದ ಬಂತು ಎಂಬ ಪ್ರಶ್ನೆ ಹಿಂದೆಯೇ ಹುಟ್ಟಿ, ಕೊನೆಗೆ ತಾಯಿಯ ಮೇಲೆ ಹೋಗಿ ನಿಲ್ಲುತ್ತದೆ. ಆಟಿಸಂಗೆ ತಾಯಿಯ ಪಾಲನೆ ಕಾರಣವಲ್ಲ, ಲಸಿಕೆಯೂ ಕಾರಣವಲ್ಲ. ನಿಮ್ಮ ಅಕ್ಕನಿಗೆ ಇದನ್ನು ಮತ್ತೆ ಮತ್ತೆ ಹೇಳಿ. ‘ಅವನಿಗೆ ಆಟಿಸಂ ಇದೆ’ ಎನ್ನುವುದು ಸರಳ, ಸಾಕಷ್ಟೂ ಹೌದು. ‘ಅವನಿಗೆ ಐದು ವರ್ಷ’ ಎನ್ನುವಷ್ಟೇ ಸಹಜವಾಗಿ ಅದನ್ನು ಹೇಳಬಹುದು.

ಸಂಕೋಚದ ಸ್ವಭಾವದವನನ್ನೋ ಒರಟನನ್ನೋ ಹಂಗಿಸಲು ‘ಆಟಿಸ್ಟಿಕ್’ ಎನ್ನುವುದು ಮಾತ್ರ ತಪ್ಪು ಬಳಕೆ. ಶಾಲೆಯಲ್ಲಿ ಅದು ಕೇಳಿಬಂದರೆ ಶಿಕ್ಷಕರ ಗಮನಕ್ಕೆ ತನ್ನಿ. ಆಟಿಸಂ ಇದೆಯೆಂದು ಖಚಿತವಾದರೆ ಪ್ರಮಾಣಪತ್ರದಂತಹ ದಾಖಲೆಗಳಲ್ಲಿ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂಬ ಪೂರ್ಣ ಹೆಸರೇ ಇರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿ ಅದೂ ಒಂದು, ಸೌಲಭ್ಯಗಳು ದೊರೆಯುವುದು ಆ ಹೆಸರಿನ ಮೇಲೆಯೇ.

ಮಾತು ಬಾರದ ಮಗುವಿಗೆ ಅರ್ಥವೂ ಆಗುವುದಿಲ್ಲವೆಂದು ತಿಳಿದು ಅವನೆದುರಿಗೇ ಈ ಚರ್ಚೆ ನಡೆಸಬೇಡಿ, ಅವನು ಕೇಳಿಸಿಕೊಳ್ಳುತ್ತಿರುತ್ತಾನೆ. ಆಟಿಸಂ ಇರುವುದು ಖಚಿತವಾದರೆ, ಏಳೆಂಟು ವರ್ಷದ ಹೊತ್ತಿಗೆ ಅವನಿಗೇ ಅವನ ಮಟ್ಟಕ್ಕೆ ತಕ್ಕಂತೆ ತಿಳಿಸಿ. ಮುಂದೆ ದೊಡ್ಡವನಾಗಿ ‘ನಾನು ಆಟಿಸ್ಟಿಕ್’ ಎಂದು ಅವನೇ ಹೇಳಿಕೊಂಡರೆ ಆ ಪದವನ್ನು ತಿದ್ದಲು ಹೋಗಬೇಡಿ.